ಅರಿವು ಕೇಂದ್ರದಲ್ಲಿ ಹೊಸಬರಿಗೆ ಇಂಟರ್ನೆಟ್ ತರಗತಿ: ಯಾವುದು ಮೊದಲು, ಯಾವುದು ಆಮೇಲೆ?

ಕಟ್ಟೆಮಾತು (ಚರ್ಚೆ ಆರಂಭ)

ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ (ಊರಿನ ಗ್ರಂಥಾಲಯ) ನಾಲ್ಕು ಭಾನುವಾರ, ದಿನಕ್ಕೆ ಎರಡು ಗಂಟೆ ತರಗತಿ. ಬರುವವರು ಸ್ವಸಹಾಯ ಸಂಘದ ಹೆಂಗಸರು, ಜೊತೆಗೆ ಒಂದಷ್ಟು ಪಿಂಚಣಿದಾರರು. ಎಲ್ಲರ ಕೈಯಲ್ಲೂ ಆಂಡ್ರಾಯ್ಡ್ ಫೋನ್ ಇದೆ, ವಾಟ್ಸಾಪ್ ಮತ್ತು ಯೂಟ್ಯೂಬ್ ಬಿಟ್ಟರೆ ಬೇರೇನೂ ಬಳಸಿಲ್ಲ. ಕೇಂದ್ರದಲ್ಲಿ ಕಂಪ್ಯೂಟರ್ ಇದೆ, ಆದರೆ ಮೌಸ್ ಹಿಡಿಸುವುದರಲ್ಲೇ ಒಂದು ದಿನ ಕಳೆಯುತ್ತದೆ ಅಂತ ಫೋನಿನಲ್ಲೇ ಕಲಿಸುವ ಯೋಚನೆ.

ಈಗಿನ ಕರಡು: ಮೊದಲ ದಿನ ಸೈಬರ್ ವಂಚನೆ ಬಗ್ಗೆ ಎಚ್ಚರಿಕೆ, ಎರಡನೇ ದಿನ ಗೂಗಲ್ ಹುಡುಕಾಟ, ಮೂರನೇ ದಿನ ಯುಪಿಐ, ನಾಲ್ಕನೇ ದಿನ ಸರ್ಕಾರಿ ಸೇವೆ. ಏನು ಬದಲಾಯಿಸಬೇಕು, ಏನು ಬಿಡಬೇಕು ಹೇಳಿ.

ನುಡಿಗೀಲಿ

ಮೊದಲ ದಿನವೇ ಎರಡು ಗಂಟೆ ಮೋಸದ ಕಥೆ ಹೇಳಿದರೆ ಮುಂದಿನ ವಾರ ಅರ್ಧ ಜನ ಬರುವುದಿಲ್ಲ. ಬಂದವರೂ "ನಮಗ್ಯಾಕೆ ಇದೆಲ್ಲ, ಮಗನಿಗೇ ಕೊಡ್ತೀನಿ" ಅಂತಾರೆ. ನಿಜವಾದ ಅಪಾಯ ಇರುವುದು ಅಲ್ಲೇ. ಫೋನನ್ನು ಇನ್ನೊಬ್ಬರ ಕೈಗೆ ಕೊಡುವ ಅಭ್ಯಾಸವೇ ದೊಡ್ಡ ತೂತು. ಮೊಬೈಲ್ ಅಂಗಡಿಯವನಿಗೆ ಕೊಡುತ್ತಾರೆ, ಮೊಮ್ಮಗನಿಗೆ ಕೊಡುತ್ತಾರೆ, ಎಟಿಎಂ ಹತ್ತಿರ ನಿಂತವನಿಗೂ ಕೊಡುತ್ತಾರೆ. ಆ ಅಭ್ಯಾಸ ಇರುವವರು ಫೋನಿನಲ್ಲಿ ಮಾತಾಡುವ ಅಪರಿಚಿತ ಹೇಳಿದ ಬಟನ್ ಒತ್ತುವುದರಲ್ಲಿ ಆಶ್ಚರ್ಯ ಇಲ್ಲ.

ಹಾಗಾಗಿ ತರಗತಿಯ ಮೊದಲ ನಿಯಮ ಕಲಿಸುವವರಿಗೆ: ಕಲಿಯುವವರ ಫೋನ್ ಮುಟ್ಟಬೇಡಿ. ಎಷ್ಟೇ ತಡವಾಗಲಿ, ಎಲ್ಲಿ ಒತ್ತಬೇಕು ಅಂತ ಬಾಯಲ್ಲಿ ಹೇಳಿ, ಇಲ್ಲವೇ ನಿಮ್ಮ ಫೋನಿನಲ್ಲಿ ತೋರಿಸಿ. ನಾಲ್ಕು ಜನಕ್ಕೆ ಒಬ್ಬ ಸಹಾಯಕ ಬೇಕೇ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ಅವಸರದಲ್ಲಿ ಕೈ ತಾನಾಗಿ ಅವರ ಫೋನಿಗೆ ಹೋಗುತ್ತದೆ.

ವಂಚನೆಗೆ ಬೇರೆ ದಿನ ಇಡಬೇಡಿ. ಪಹಣಿ ಹುಡುಕುವಾಗ ನಕಲಿ ಜಾಲತಾಣ, ದುಡ್ಡು ಕಳಿಸುವಾಗ ಪಿನ್, ಆ್ಯಪ್ ಹಾಕುವಾಗ ಎಪಿಕೆ (ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಬರುವ ಆ್ಯಪ್ ಫೈಲ್), ಹೀಗೆ ಆಯಾ ಕೆಲಸದ ಜೊತೆಗೇ ಹೇಳಿ. ಆಗ ನೆನಪಿರುತ್ತದೆ.

ಬ್ಯಾಂಕ್‌ಕಿಟಕಿ

ನುಡಿಗೀಲಿ ಹೇಳಿದ್ದಕ್ಕೆ ಪೂರ್ತಿ ಸಹಮತ. ಆದರೆ ಅದಕ್ಕೂ ಮೊದಲು ಒಂದು ತಪಾಸಣೆ ಆಗಬೇಕು. ಬಹಳ ಜನರ ಗೂಗಲ್ ಖಾತೆ ಮಾಡಿಕೊಟ್ಟವರು ಫೋನ್ ಮಾರಿದ ಅಂಗಡಿಯವರು. ಪಾಸ್‌ವರ್ಡ್ ಗೊತ್ತಿರುವುದು ಅವರಿಗೆ, ಕೆಲವು ಕಡೆ ಮರುಪ್ರಾಪ್ತಿ ಮೊಬೈಲ್ ಸಂಖ್ಯೆಯೂ (ಪಾಸ್‌ವರ್ಡ್ ಮರೆತಾಗ ಖಾತೆ ವಾಪಸ್ ಪಡೆಯಲು ಕೊಟ್ಟಿರುವ ನಂಬರ್) ಅವರದ್ದೇ. ಆ ಖಾತೆಯಲ್ಲಿ ಫೋಟೋ, ಕಾಂಟ್ಯಾಕ್ಟ್, ಉಳಿಸಿದ ಪಾಸ್‌ವರ್ಡ್ ಎಲ್ಲ ಇರುತ್ತವೆ.

ಸೆಟ್ಟಿಂಗ್ಸ್ ತೆರೆದು ಕೆಳಗೆ "ಗೂಗಲ್" ಒತ್ತಿಸಿ, ಅಲ್ಲಿಂದ ಖಾತೆ ನಿರ್ವಹಣೆ, ನಂತರ "ಭದ್ರತೆ". ಮೂರು ನೋಡಿ: ಮರುಪ್ರಾಪ್ತಿ ಫೋನ್ ಯಾರದ್ದು, "ನಿಮ್ಮ ಸಾಧನಗಳು" ಪಟ್ಟಿಯಲ್ಲಿ ಗುರುತಿಲ್ಲದ ಫೋನ್ ಇದೆಯೇ, ಪಾಸ್‌ವರ್ಡ್ ಬದಲಿಸಲು ಆಗುತ್ತದೆಯೇ. ಹಳೇ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ ಅದೇ ಫೋನಿನಲ್ಲಿ "ಪಾಸ್‌ವರ್ಡ್ ಮರೆತಿದೆ" ಒತ್ತಿದರೆ ಸಾಮಾನ್ಯವಾಗಿ ಫೋನಿನ ಲಾಕ್ ಪಿನ್ ಕೇಳಿ ಬದಲಿಸಲು ಬಿಡುತ್ತದೆ. ಫೋನಿಗೆ ಲಾಕ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಎಲ್ ಆಕಾರದ ಪ್ಯಾಟರ್ನ್ ಬೇಡ. 6 ಅಂಕಿ ಪಿನ್ ಇರಲಿ, ಹುಟ್ಟಿದ ಇಸವಿ ಬೇಡ.

ತಂತಿಬೇಲಿ

ಪಾಸ್‌ವರ್ಡ್ ನೆನಪಿಟ್ಟುಕೊಳ್ಳೋದು ಹೇಗೆ? "ಎಲ್ಲೂ ಬರೆದಿಡಬೇಡಿ" ಅಂತ ಎಲ್ಲರೂ ಹೇಳ್ತಾರೆ.

ನುಡಿಗೀಲಿ

ಆ ಉಪದೇಶ ಈ ಜನಕ್ಕೆ ಹೊಂದುವುದಿಲ್ಲ. ಬರೆಯಬೇಡಿ ಅಂದರೆ ಎಲ್ಲ ಕಡೆ ಮಗುವಿನ ಹೆಸರು, 123 ಇಡುತ್ತಾರೆ. ಮನೆಯ ಬೀರುವಿನಲ್ಲಿ ಇರುವ ಪುಸ್ತಕದಲ್ಲಿ ಗೂಗಲ್ ಪಾಸ್‌ವರ್ಡ್ ಬರೆದಿಟ್ಟರೆ ಅದನ್ನು ಜಾರ್ಖಂಡಿನಲ್ಲೋ ಕಾಂಬೋಡಿಯಾದಲ್ಲೋ ಕೂತ ವಂಚಕ ಓದಲಾರ. ಫೋನ್ ಕವರಿನ ಹಿಂದೆ ಚೀಟಿ ಇಡುವುದು, ಕಾಂಟ್ಯಾಕ್ಟ್‌ನಲ್ಲಿ "ಎಟಿಎಂ" ಅಂತ ಸೇವ್ ಮಾಡುವುದು, ವಾಟ್ಸಾಪಿನಲ್ಲಿ ಮಗಳಿಗೆ ಕಳಿಸಿಡುವುದು, ಇವು ಮಾತ್ರ ಬೇಡ. ಎಟಿಎಂ ಪಿನ್, ಯುಪಿಐ ಪಿನ್ ಪುಸ್ತಕದಲ್ಲೂ ಬೇಡ. ಅವು ಚಿಕ್ಕವು, ದಿನಾ ಬಳಸಿದರೆ ಬಾಯಿಪಾಠ ಆಗುತ್ತವೆ.

ಪಾಸ್‌ವರ್ಡಿಗೆ ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆಯಿಸಿ. ಒನಕೆ, ಮುಂಗಾರು, ಬೆಂಚು, ಹಾಗಲ ಅನ್ನುವ ಥರ. ಗಾದೆ, ದೇವರ ಹೆಸರು ಬೇಡ. ಪುಸ್ತಕದಲ್ಲಿ ಅವರ ಕೈಬರಹದಲ್ಲೇ ಬರೆಯಲಿ. ಸಹಾಯಕ ಆ ಹೊತ್ತಿಗೆ ಬೇರೆ ಕಡೆ ನೋಡಲಿ.

ಕಟ್ಟೆಮಾತು

ಸರಿ, ಮೊದಲ ದಿನ ಲಾಕ್, ಗೂಗಲ್ ಖಾತೆ. ಅದೇ ದಿನ ಏನಾದರೂ ಖುಷಿ ಕೊಡುವ ಕೆಲಸವೂ ಬೇಕಲ್ಲ?

ಮಲೆನಾಡಪೋಸ್ಟ್

ಕನ್ನಡದಲ್ಲಿ ಮಾತಾಡಿ ಹುಡುಕುವುದು. ಅದಕ್ಕಿಂತ ಬೇಗ ಮನಸ್ಸು ಗೆಲ್ಲುವ ಪಾಠ ಇನ್ನೊಂದಿಲ್ಲ. ಗೂಗಲ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಧ್ವನಿ ಭಾಷೆ "ಕನ್ನಡ" ಸೇರಿಸಿ, ಮೈಕ್ ಒತ್ತಿ "ಅಡಿಕೆ ಧಾರಣೆ ಶಿವಮೊಗ್ಗ" ಅಂತಲೋ "ಬಿಪಿ ಮಾತ್ರೆ ಮರೆತರೆ ಏನು ಮಾಡಬೇಕು" ಅಂತಲೋ ಕೇಳಿಸಿ. ಜೀಬೋರ್ಡ್‌ನಲ್ಲೂ ಕನ್ನಡ ಸೇರಿಸಿದರೆ ವಾಟ್ಸಾಪಿನಲ್ಲಿ ಮಾತಾಡಿಯೇ ಬರೆಯಬಹುದು. ಹಿಂದಿನ ದಿನವೇ ಪರೀಕ್ಷಿಸಿಕೊಳ್ಳಿ, ಹತ್ತು ಫೋನು ಒಟ್ಟಿಗೆ ಭಾಷಾ ಫೈಲ್ ಇಳಿಸಲು ಹೊರಟರೆ ಕೇಂದ್ರದ ವೈಫೈ ಕೂತುಬಿಡುತ್ತದೆ. ಎಲ್ಲರೂ ಒಟ್ಟಿಗೆ ಮಾತಾಡಿದರೂ ಮೈಕ್ ಗೊಂದಲವಾಗುತ್ತದೆ, ಒಬ್ಬೊಬ್ಬರಾಗಿ ಮಾಡಿಸಿ.

ಫೋನಿನ ಭಾಷೆಯನ್ನೇ ಕನ್ನಡಕ್ಕೆ ಬದಲಿಸುವ ವಿಚಾರ ಅವರವರಿಗೆ ಬಿಡಿ. ಕೆಲವು ಅನುವಾದಗಳು ಇಂಗ್ಲಿಷಿಗಿಂತ ಕಷ್ಟ. ತರಗತಿಯಲ್ಲಿ ಅರ್ಧ ಫೋನು ಕನ್ನಡ, ಅರ್ಧ ಇಂಗ್ಲಿಷ್ ಇದ್ದರೆ ಹೇಳಿಕೊಡುವವರಿಗೂ ತಲೆ ಕೆಡುತ್ತದೆ. ಬಟನ್ ಹೆಸರು ಹೇಳುವ ಬದಲು ಗುರುತು ಹೇಳಿ: ಮೂರು ಚುಕ್ಕಿ, ಹಲ್ಲಿನ ಚಕ್ರ, ಕೆಂಪು ದುಂಡು.

ಹುಡುಕಿದಾಗ ಮೇಲೆ ಬರುವ "ಪ್ರಾಯೋಜಿತ" ಅನ್ನುವ ಗುರುತನ್ನು ಅದೇ ದಿನ ತೋರಿಸಿ. ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಗ್ಯಾಸ್, ಕೊರಿಯರ್, ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ಗೂಗಲ್‌ನಲ್ಲಿ ಹುಡುಕಲೇಬಾರದು. ಬ್ಯಾಂಕಿನದ್ದು ಎಟಿಎಂ ಕಾರ್ಡಿನ ಹಿಂದೆ ಇದೆ, ಗ್ಯಾಸಿನದ್ದು ಪುಸ್ತಕದಲ್ಲಿದೆ.

ಹಳೇಸೇತುವೆ

ಜಾಲತಾಣದ ವಿಳಾಸ ಓದಿಸುವುದನ್ನು ಎಲ್ಲರೂ ತಪ್ಪಾಗಿ ಕಲಿಸುತ್ತಾರೆ. "ಬೀಗದ ಗುರುತು ಇದ್ದರೆ ಸೇಫ್" ಅನ್ನುವುದು ಹಳೇ ಮಾತು. ನಕಲಿ ತಾಣಗಳಿಗೂ ಬೀಗ ಪುಕ್ಕಟೆ ಸಿಗುತ್ತದೆ.

ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆ (/) ಎಲ್ಲಿ ಬರುತ್ತದೋ ಅಲ್ಲಿ ಬೆರಳಿಟ್ಟು, ಅಲ್ಲಿಂದ ಎಡಕ್ಕೆ ಓದಬೇಕು. ಸೇವಾ ಸಿಂಧುವಿನ ವಿಳಾಸ "ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್" ಅಂತ ಮುಗಿಯುತ್ತದೆ. ಪಹಣಿ ಸಿಗುವ "ಭೂಮಿ", ನಾಡಕಚೇರಿ ತಾಣಗಳೂ ಹಾಗೇ. ನಕಲಿಯವನು "ಸೇವಾಸಿಂಧು ಕರ್ನಾಟಕ" ಅನ್ನುವುದನ್ನು ಮುಂದೆ ಇಟ್ಟು ಕೊನೆಗೆ "ಡಾಟ್ ಟಾಪ್", "ಡಾಟ್ ಎಕ್ಸ್‌ವೈಝಡ್" ಅಂತ ಮುಗಿಸಿರುತ್ತಾನೆ. ಮುಂದಿನ ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಯಜಮಾನ ಯಾರು ಅಂತ ಹೇಳುವುದು ಬಾಲ.

ಬ್ಯಾಂಕುಗಳಿಗೆ ಈಗ ಇನ್ನೂ ಸುಲಭ. ರಿಸರ್ವ್ ಬ್ಯಾಂಕ್ ಸೂಚನೆ ಪ್ರಕಾರ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ತಮ್ಮ ತಾಣವನ್ನು "ಡಾಟ್ ಬ್ಯಾಂಕ್ ಡಾಟ್ ಇನ್" ವಿಳಾಸಕ್ಕೆ ಸಾಗಿಸಬೇಕಿತ್ತು. ಆ ಬಾಲ ಬೇರೆಯವರಿಗೆ ಸಿಗುವುದಿಲ್ಲ.

ಐದು ಅಸಲಿ, ಐದು ನಕಲಿ ವಿಳಾಸ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ ಕೊಡಿ. ಬಾಲಕ್ಕೆ ಸುತ್ತು ಹಾಕುವ ಆಟ. ಇಂಗ್ಲಿಷ್ ಓದಲು ಬಾರದವರೂ ಅಕ್ಷರದ ಆಕಾರ ಹೊಂದಿಸಿ ಮಾಡುತ್ತಾರೆ.

ತಂತಿಬೇಲಿ

ಫೋನಿನಲ್ಲಿ ಕ್ರೋಮ್ ಆ ವಿಳಾಸವನ್ನು ಪೂರ್ತಿ ತೋರಿಸೋದೇ ಇಲ್ವಲ್ಲ?

ಹಳೇಸೇತುವೆ

ಚಿಕ್ಕ ಪರದೆಯಲ್ಲಿ ಕತ್ತರಿಸಿ ತೋರಿಸುತ್ತದೆ. ವಿಳಾಸದ ಪಟ್ಟಿಯನ್ನು ಒಮ್ಮೆ ಒತ್ತಿ, ಪಕ್ಕಕ್ಕೆ ಸರಿಸಿ ನೋಡಬೇಕು. ವಾಟ್ಸಾಪಿನ ಒಳಗೇ ತೆರೆದುಕೊಳ್ಳುವ ಪುಟಗಳಲ್ಲಿ ಇದು ಇನ್ನೂ ಕಷ್ಟ. ಹೊಸಬರಿಗೆ ನಿಜವಾಗಿ ಕೆಲಸ ಮಾಡುವ ಉಪಾಯ: ಬೇಕಾದ ನಾಲ್ಕೈದು ತಾಣಗಳನ್ನು ತರಗತಿಯಲ್ಲೇ ತೆರೆಸಿ, ಮೂರು ಚುಕ್ಕಿ ಒತ್ತಿ "ಹೋಮ್ ಸ್ಕ್ರೀನ್‌ಗೆ ಸೇರಿಸಿ" ಮಾಡಿಸಿಬಿಡಿ. ಆಮೇಲೆ ಗೃಹಲಕ್ಷ್ಮಿ ಲಿಂಕ್ ಅಂತ ಯಾರು ಏನು ಕಳಿಸಿದರೂ ಅದನ್ನು ಒತ್ತುವ ಅಗತ್ಯವೇ ಇಲ್ಲ. ದುಡ್ಡು ಬಂತೋ ಇಲ್ಲವೋ ನೋಡಲು ಡಿಬಿಟಿ ಕರ್ನಾಟಕ ಆ್ಯಪ್ ಪ್ಲೇ ಸ್ಟೋರಿನಲ್ಲಿದೆ.

ಸಂತೆಪೇಟೆ

"ನಿಮ್ಮ ಫೋನಿಗೆ 5 ವೈರಸ್ ಬಂದಿದೆ" ಅಂತ ದಿನಾ ಬರುತ್ತೆ ಅನ್ನೋರು ಪ್ರತಿ ತರಗತಿಯಲ್ಲೂ ಇಬ್ಬರು ಇರ್ತಾರೆ. ಅದು ವೈರಸ್ ಅಲ್ಲ. ಎಲ್ಲೋ ಒಂದು ತಾಣದಲ್ಲಿ ನೋಟಿಫಿಕೇಶನ್‌ಗೆ "ಅಲೋ" ಒತ್ತಿರ್ತಾರೆ. ಆ ನೋಟಿಫಿಕೇಶನ್ ತೆರೆಯದೆ ಒತ್ತಿ ಹಿಡಿದರೆ ಆಫ್ ಮಾಡುವ ದಾರಿ ಅಲ್ಲೇ ಸಿಗುತ್ತೆ. ಇಲ್ಲದಿದ್ದರೆ ಕ್ರೋಮ್ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್, ಅಲ್ಲಿರುವ ಅಪರಿಚಿತ ಹೆಸರುಗಳನ್ನೆಲ್ಲ ಬ್ಲಾಕ್ ಮಾಡಿಸಿ. ಎರಡು ನಿಮಿಷದ ಕೆಲಸ, ಆದರೆ ಜನ ನಿಮ್ಮನ್ನು ಡಾಕ್ಟರ್ ಥರ ನೋಡ್ತಾರೆ!

ಕಟ್ಟೆಮಾತು

ಎಪಿಕೆ ವಿಚಾರ? ಮದುವೆ ಕರೆಯೋಲೆ, ಟ್ರಾಫಿಕ್ ಚಲನ್, ಪಿಎಂ ಕಿಸಾನ್ ಹೆಸರಲ್ಲಿ ವಾಟ್ಸಾಪ್ ಗುಂಪಿಗೆ ಬರುತ್ತವೆ.

ಹಳೇಸೇತುವೆ

ಕರೆಯೋಲೆ ಫೋಟೋ ಇರುತ್ತದೆ, ಪಿಡಿಎಫ್ ಇರುತ್ತದೆ, ವಿಡಿಯೋ ಇರುತ್ತದೆ. ಆ್ಯಪ್ ಆಗಿ ಯಾರೂ ಮದುವೆಗೆ ಕರೆಯುವುದಿಲ್ಲ. ಫೈಲಿನ ಹೆಸರಿನ ಕೊನೆಗೆ ಎಪಿಕೆ ಅಂತಿದ್ದರೆ ಕಳಿಸಿದವರು ಸ್ವಂತ ತಮ್ಮನೇ ಆದರೂ ತೆರೆಯಬಾರದು. ಸೋಂಕು ತಗುಲಿದ ಫೋನಿನಿಂದ ಅದು ತಾನಾಗಿಯೇ ಗುಂಪುಗಳಿಗೆ ಹೋಗುತ್ತಿರುತ್ತದೆ, ಆದ್ದರಿಂದ ಪರಿಚಿತರ ಹೆಸರಲ್ಲೇ ಬರುವುದು ಹೆಚ್ಚು.

ಮುಂಜಾಗ್ರತೆಗೆ ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ "ಅನ್‌ನೋನ್ ಆ್ಯಪ್ಸ್" ಹುಡುಕಿಸಿ. ವಾಟ್ಸಾಪ್, ಕ್ರೋಮ್, ಫೈಲ್ಸ್ ಮೂರಕ್ಕೂ "ಅನುಮತಿ ಇಲ್ಲ" ಇರಬೇಕು. ರೆಡ್ಮಿ, ವಿವೊ, ಸ್ಯಾಮ್‌ಸಂಗ್‌ಗಳಲ್ಲಿ ಜಾಗ ಬೇರೆ ಬೇರೆ. ಹುಡುಕು ಪಟ್ಟಿ ಬಳಸಿದರೆ ಆ ತಲೆನೋವು ಇಲ್ಲ.

ಹಾಕಿಯೇ ಬಿಟ್ಟಿದ್ದರೆ ಕ್ರಮ ಮುಖ್ಯ. ಇಂಥ ಆ್ಯಪಿನ ಮುಖ್ಯ ಕೆಲಸ ಎಸ್ಸೆಮ್ಮೆಸ್ ಓದಿ ಒಟಿಪಿ ಕದಿಯುವುದು. ಮೊದಲು ಏರೋಪ್ಲೇನ್ ಮೋಡ್, ವೈಫೈಯೂ ಆಫ್. ಎರಡನೆಯದು, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯಿಂದ ಹಣ ಹೋಗದಂತೆ ತಡೆಯಿಸುವುದು. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ. ಆಮೇಲೆ ಆ ಫೈಲ್, ಚಾಟ್ ಎಲ್ಲವನ್ನೂ ಇನ್ನೊಂದು ಫೋನಿನಿಂದ ಫೋಟೋ ತೆಗೆಯುವುದು. ಅಳಿಸುವುದು ಕೊನೆಗೆ. "ಅನ್‌ಇನ್‌ಸ್ಟಾಲ್" ಮಸುಕಾಗಿದ್ದರೆ ಅದು ಡಿವೈಸ್ ಅಡ್ಮಿನ್ ಹಕ್ಕು ಪಡೆದಿದೆ ಅಂತ ಅರ್ಥ. ಸೆಟ್ಟಿಂಗ್ಸ್ ಒಳಗಿನ ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿ ಅದರ ಗುರುತು ತೆಗೆದು ಮತ್ತೆ ಪ್ರಯತ್ನಿಸಿ. ಅಲ್ಲಿಗೂ ಬಗ್ಗದಿದ್ದರೆ ಫ್ಯಾಕ್ಟರಿ ರೀಸೆಟ್.

ಬ್ಯಾಂಕ್‌ಕಿಟಕಿ

ಯುಪಿಐ ದಿನಕ್ಕೆ ಕೆಲವು ಸೂಚನೆ.

ಎಲ್ಲಕ್ಕಿಂತ ಮೊದಲು ಬ್ಯಾಂಕ್ ಖಾತೆಗೆ ಸೇರಿಸಿರುವ ಸಂಖ್ಯೆ ಯಾರದ್ದು ಕೇಳಿ. ಗಂಡನದ್ದೋ ಮಗನದ್ದೋ ಆಗಿದ್ದರೆ ಅಂದು ಯುಪಿಐ ಆಗುವುದಿಲ್ಲ, ಬ್ಯಾಂಕಿಗೆ ಅರ್ಜಿ ಕೊಟ್ಟು ಬದಲಿಸಿಕೊಂಡೇ ಬರಬೇಕು. ಇದನ್ನು ಒಂದು ವಾರ ಮುಂಚೆಯೇ ತಿಳಿಸಿ. ಎಟಿಎಂ ಕಾರ್ಡ್ ಇಲ್ಲದವರು ಆಧಾರ್ ಒಟಿಪಿ ಮೂಲಕ ಪಿನ್ ಮಾಡಬಹುದು. ಅದಕ್ಕೆ ಆಧಾರಿಗೂ ಬ್ಯಾಂಕಿಗೂ ಒಂದೇ ಮೊಬೈಲ್ ಸಂಖ್ಯೆ ಇರಬೇಕು.

ನೋಂದಣಿಯಲ್ಲಿ ಆ್ಯಪ್ ತಾನೇ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಎರಡು ಸಿಮ್ ಇದ್ದರೆ ಸರಿಯಾದ ಸಿಮ್ ಆರಿಸಬೇಕು, ಆ ಸಿಮ್ಮಿನಲ್ಲಿ ಎಸ್ಸೆಮ್ಮೆಸ್ ಕಳಿಸುವಷ್ಟು ರೀಚಾರ್ಜ್ ಇರಬೇಕು. "ವೆರಿಫಿಕೇಶನ್ ಫೇಲ್ಡ್" ಬರುವುದು ಬಹುಪಾಲು ಈ ಎರಡೇ ಕಾರಣಕ್ಕೆ. ಹೊಸದಾಗಿ ನೋಂದಾಯಿಸಿದ ಮೇಲೆ ಮೊದಲ 24 ಗಂಟೆ 5,000 ರೂಪಾಯಿ ಮಿತಿ ಇರುತ್ತದೆ, ಆ್ಯಪ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಅಭ್ಯಾಸಕ್ಕೆ 1 ರೂಪಾಯಿ. ಪಕ್ಕದಲ್ಲಿ ಕೂತವರಿಗೆ ಕಳಿಸಲಿ, ಅವರು ವಾಪಸ್ ಕಳಿಸಲಿ. ಪಿನ್ ಹಾಕುವ ಮುನ್ನ ಪರದೆಯ ಮೇಲಿನ ಹೆಸರು ಗಟ್ಟಿಯಾಗಿ ಓದಿಸಿ. ಅದು ಬ್ಯಾಂಕಿನಲ್ಲಿರುವ ಹೆಸರು. ನಂತರ ದುಡ್ಡು ಬಂದವರ ಕಡೆ ತೋರಿಸಿ ಕೇಳಿ: "ನೀವು ಪಿನ್ ಹಾಕಿದಿರಾ?" ಇಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿದಿರಾ? ಇಲ್ಲ. ಆದರೂ ದುಡ್ಡು ಬಂತು. ಇಷ್ಟು ಸಾಕು, ಉಪನ್ಯಾಸ ಬೇಡ.

ತಂತಿಬೇಲಿ

"ಪಿನ್ ಹಾಕದಿದ್ದರೆ ದುಡ್ಡು ಹೋಗೋದೇ ಇಲ್ಲ" ಅಂತ ಹೇಳಿಕೊಟ್ಟರೆ ಸುಲಭ ಅಲ್ವಾ?

ಬ್ಯಾಂಕ್‌ಕಿಟಕಿ

ಸುಲಭ, ಆದರೆ ಸುಳ್ಳು. ಯುಪಿಐ ಲೈಟ್‌ನಲ್ಲಿ ಸಣ್ಣ ಮೊತ್ತ ಪಿನ್ ಇಲ್ಲದೆ ಹೋಗುತ್ತದೆ. ಆಟೋಪೇಗೆ ಒಮ್ಮೆ ಒಪ್ಪಿಗೆ ಕೊಟ್ಟರೆ ಪ್ರತಿ ತಿಂಗಳು ಪಿನ್ ಕೇಳದೆ ಕಡಿತವಾಗುತ್ತದೆ. "1 ರೂಪಾಯಿ ಟ್ರಯಲ್" ಅಂತ ಶುರುವಾಗುವುದೆಲ್ಲ ಇದೇ ಜಾತಿ. ಆ್ಯಪಿನಲ್ಲಿ ಆಟೋಪೇ ಪಟ್ಟಿ ತೆರೆಸಿ ಬೇಡದ್ದನ್ನು ರದ್ದು ಮಾಡಿಸಿ. ಹಾಗಾಗಿ ನಿಯಮವನ್ನು ತಿರುಗಿಸಿ ಹೇಳಿ: ದುಡ್ಡು ಬರುವುದಕ್ಕೆ ಪಿನ್ ಎಂದೂ ಬೇಡ.

ವ್ಯಕ್ತಿಯಿಂದ ವ್ಯಕ್ತಿಗೆ "ಹಣ ಕೋರಿಕೆ" ಕಳಿಸುವ ಸೌಲಭ್ಯ 2025ರ ಅಕ್ಟೋಬರ್ 1ರಿಂದ ನಿಂತಿದೆ. ಹಳೇ ಪಾಠದ ಹಾಳೆಗಳಲ್ಲಿ ಅದೇ ಮೊದಲ ಉದಾಹರಣೆ ಇರುತ್ತದೆ, ತೆಗೆದುಹಾಕಿ. ಈಗ ಹೆಚ್ಚು ನಡೆಯುವುದು "ತಪ್ಪಿ ನಿಮಗೆ ದುಡ್ಡು ಹಾಕಿದೆ, ಆಸ್ಪತ್ರೆ ಖರ್ಚಿದು, ವಾಪಸ್ ಹಾಕಿ" ಅನ್ನುವುದು. ಜೊತೆಗೆ ನಕಲಿ ಎಸ್ಸೆಮ್ಮೆಸ್. ಅಸಲಿ ಬ್ಯಾಂಕ್ ಸಂದೇಶ ಹತ್ತಂಕಿ ಮೊಬೈಲ್ ನಂಬರಿನಿಂದ ಬರುವುದಿಲ್ಲ, ಅಕ್ಷರಗಳ ಹೆಸರಿನಿಂದ ಬರುತ್ತದೆ. ಏನೇ ಇರಲಿ, ಸಂದೇಶ ನಂಬಬೇಡಿ, ಬ್ಯಾಲೆನ್ಸ್ ನೋಡಿ. ನಿಜವಾಗಿ ಬಂದಿದ್ದರೂ ನೀವೇ ವಾಪಸ್ ಹಾಕಬೇಡಿ. ಅವರ ಬ್ಯಾಂಕಿನಲ್ಲಿ ದೂರು ಕೊಡಲು ಹೇಳಿ, ನಿಮ್ಮ ಬ್ಯಾಂಕಿಗೂ ತಿಳಿಸಿ.

ನುಡಿಗೀಲಿ

"ಡಿಜಿಟಲ್ ಅರೆಸ್ಟ್" ಬಗ್ಗೆ, ಅಂದರೆ ಪೊಲೀಸ್, ಸಿಬಿಐ ಅಂತ ಹೇಳಿಕೊಂಡು ಫೋನಿನಲ್ಲೇ ಬಂಧಿಸಿದ್ದೇವೆ ಅಂತ ಹೆದರಿಸಿ ದುಡ್ಡು ಕೀಳುವ ಮೋಸ. ಅಂಥದ್ದು ಕಾನೂನಿನಲ್ಲೇ ಇಲ್ಲ ಅಂತ ಎಲ್ಲರಿಗೂ ಗೊತ್ತು. 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ಮನ್ ಕಿ ಬಾತ್‌ನಲ್ಲಿ ಹೇಳಿದ್ದರು. ಗೊತ್ತಿದ್ದೂ ಪಿಂಚಣಿದಾರರು ಸಿಕ್ಕಿಬೀಳುವುದು ಕರೆ ಕಟ್ ಮಾಡಲಾರದೆ. ಎದುರಿಗಿನವರು ಮಾತಾಡುತ್ತಿರುವಾಗ ಫೋನ್ ಇಡುವುದು ಮರ್ಯಾದೆಯಲ್ಲ ಅನ್ನುವುದು ಆ ತಲೆಮಾರಿನ ರೂಢಿ.

ಆದ್ದರಿಂದ ಕಟ್ ಮಾಡುವುದನ್ನೇ ಅಭ್ಯಾಸ ಮಾಡಿಸಿ. ಸಹಾಯಕ ಪಕ್ಕದ ಕೋಣೆಯಿಂದ ಕರೆ ಮಾಡಿ "ನಿಮ್ಮ ಆಧಾರ್‌ನಲ್ಲಿ ಪಾರ್ಸೆಲ್ ಸಿಕ್ಕಿದೆ, ನಾನು ಸಿಬಿಐನಿಂದ" ಅಂತ ಜೋರು ಮಾಡಲಿ. ಕಲಿಯುವವರು ವಾಕ್ಯದ ನಡುವೆಯೇ ಇಡಬೇಕು. ಮೊದಲ ಸಲ ಬಹುತೇಕರು "ಹಲೋ, ಸರ್, ಒಂದ್ ನಿಮಿಷ" ಅಂತ ಉತ್ತರ ಕೊಡುತ್ತಾರೆ. ಮೂರನೇ ಸಲಕ್ಕೆ ನಗುತ್ತಾ ಇಡುತ್ತಾರೆ.

ಇಲ್ಲೊಂದು ಯಾಂತ್ರಿಕ ತೊಂದರೆಯೂ ಇದೆ. ಫೋನ್ ಕಿವಿಗಿಟ್ಟಾಗ ಪರದೆ ಆರುತ್ತದೆ, ತೆಗೆದಾಗ ಕೆಂಪು ಬಟನ್ ತಕ್ಷಣ ಕಾಣುವುದಿಲ್ಲ. ಹಲವು ಫೋನುಗಳ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ "ಪವರ್ ಬಟನ್ ಒತ್ತಿದರೆ ಕರೆ ಮುಗಿಯಲಿ" ಅನ್ನುವುದಿದೆ. ಆನ್ ಮಾಡಿಸಿ. ವಯಸ್ಸಾದವರಿಗೆ ವರ.

ಸಂತೆಪೇಟೆ

ವಾಟ್ಸಾಪಿಗೆ ಎರಡೇ ಕೆಲಸ. ಅಕೌಂಟ್ ಒಳಗಿನ ಟು ಸ್ಟೆಪ್ ವೆರಿಫಿಕೇಶನ್‌ನಲ್ಲಿ 6 ಅಂಕಿ ಪಿನ್. ಆಮೇಲೆ ಲಿಂಕ್ಡ್ ಡಿವೈಸಸ್ ನೋಡಿ, ಗುರುತಿಲ್ಲದ್ದನ್ನು ಲಾಗೌಟ್. ಗೊಂದಲ ಆಗೋದು ಎಲ್ಲಿ ಅಂದ್ರೆ ಎಸ್ಸೆಮ್ಮೆಸ್‌ನಲ್ಲಿ ಬರೋ ಕೋಡೂ 6 ಅಂಕಿ, ನಾವಿಟ್ಟ ಪಿನ್ನೂ 6 ಅಂಕಿ. ಒಂದು ಅವರು ಕಳಿಸೋದು, ಇನ್ನೊಂದು ನಾವೇ ಇಟ್ಟಿದ್ದು, ಎರಡನ್ನೂ ಯಾರಿಗೂ ಹೇಳೋ ಹಾಗಿಲ್ಲ. ಈಗ "ಓಟು ಹಾಕೋಕೆ ಈ 8 ಅಕ್ಷರ ಟೈಪ್ ಮಾಡಿ" ಅಂತ ಕಳಿಸಿ ತಮ್ಮ ಕಂಪ್ಯೂಟರನ್ನು ನಿಮ್ಮ ವಾಟ್ಸಾಪಿಗೆ ಜೋಡಿಸಿಕೊಳ್ಳೋರಿದ್ದಾರೆ, ಅದನ್ನೂ ಹೇಳಿ.

ಮಲೆನಾಡಪೋಸ್ಟ್

ಆಧಾರ್ ಬೆರಳಚ್ಚು ಲಾಕ್ ಮಾಡಿಸಬೇಕೇ? ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಹೆಬ್ಬೆಟ್ಟಿನ ಮೂಲಕ ಹಣ ತೆಗೆಯುವ ಮೋಸಕ್ಕೆ ಅದೇ ಮದ್ದು ಅನ್ನುತ್ತಾರೆ.

ಬ್ಯಾಂಕ್‌ಕಿಟಕಿ

ಮದ್ದು ಹೌದು, ಆದರೆ ಈ ತರಗತಿಯಲ್ಲಿ ಎಲ್ಲರಿಗೂ ಬೇಡ. ಲಾಕ್ ಆದರೆ ಬೆರಳಚ್ಚಿನ ದೃಢೀಕರಣ ಎಲ್ಲ ಕಡೆ ನಿಲ್ಲುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೂ ಅಕ್ಕಿ ಸಿಗುವುದಿಲ್ಲ. ಪ್ರತಿ ಸಲ ಆಧಾರ್ ಆ್ಯಪಿನಲ್ಲಿ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಬೇಕು, ಅದು 10 ನಿಮಿಷ ಮಾತ್ರ. ಅಷ್ಟು ತಾವೇ ಮಾಡಬಲ್ಲವರಿಗೆ ಹೇಳಿಕೊಡಿ. ಉಳಿದವರಿಗೆ ಜೆರಾಕ್ಸ್ ಕೊಡುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳುವುದು ಸಾಕು.

ತಂತಿಬೇಲಿ

1930ಕ್ಕೆ ಕರೆ ಮಾಡಿದಾಗ ಏನೇನು ಕೇಳ್ತಾರೆ? ಅದನ್ನೂ ಹಾಳೆಯಲ್ಲಿ ಹಾಕಬಹುದಲ್ಲ.

ಹಳೇಸೇತುವೆ

ಹಾಕಿ. ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಎಷ್ಟು ಹೋಯಿತು, ಯಾವಾಗ, ಯಾವ ಯುಪಿಐ ಐಡಿಗೆ ಅಥವಾ ಖಾತೆಗೆ, ಮತ್ತು ವ್ಯವಹಾರದ ಉಲ್ಲೇಖ ಸಂಖ್ಯೆ. ಯುಪಿಐನಲ್ಲಿ ಅದು 12 ಅಂಕಿ, ಆ್ಯಪಿನ ಹಿಸ್ಟರಿಯಲ್ಲಿ ಆ ಪಾವತಿ ಒತ್ತಿದರೆ ಕಾಣುತ್ತದೆ. ತರಗತಿಯಲ್ಲಿ ಆ 1 ರೂಪಾಯಿ ವ್ಯವಹಾರದ ಸಂಖ್ಯೆಯನ್ನೇ ಹುಡುಕಿ ಬರೆಯಿಸಿ, ಅಭ್ಯಾಸ ಆಗುತ್ತದೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುವುದರಿಂದ ಮೊದಲ ಗಂಟೆಯೊಳಗೆ ಕರೆ ಮಾಡಿದವರಿಗೆ ತಡೆಹಿಡಿಯುವ ಅವಕಾಶ ಜಾಸ್ತಿ. ಕರೆಯ ನಂತರ ಬರುವ ಸ್ವೀಕೃತಿ ಸಂಖ್ಯೆ ಇಟ್ಟುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ಪೂರ್ತಿ ದೂರು ದಾಖಲಿಸಬೇಕು. ಅದು ಬಾರದವರು ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಲಿ.

ಬ್ಯಾಂಕಿಗೂ ಪ್ರತ್ಯೇಕವಾಗಿ ಲಿಖಿತ ದೂರು ಬೇಕು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ತಪ್ಪು ಗ್ರಾಹಕರದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಅನ್ನುವ ಪ್ರಕರಣದಲ್ಲಿ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ಒಟಿಪಿ, ಪಿನ್ ತಾವೇ ಹೇಳಿದ್ದರೆ ತಿಳಿಸುವವರೆಗಿನ ನಷ್ಟ ಅವರದ್ದೇ. ಆದರೂ ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು, ಆದ್ದರಿಂದ ನಾಚಿಕೊಂಡು ಸುಮ್ಮನೆ ಕೂರುವುದರಲ್ಲಿ ನಷ್ಟವೇ ಹೆಚ್ಚು.

ಕಟ್ಟೆಮಾತು

ಬದಲಿಸಿದ ಕ್ರಮ: ಮೊದಲ ದಿನ ಲಾಕ್, ಗೂಗಲ್ ಖಾತೆ, ಕನ್ನಡ ಧ್ವನಿ ಹುಡುಕಾಟ. ಎರಡನೇ ದಿನ ವಿಳಾಸ ಓದುವುದು, ಪಹಣಿ, ಡಿಬಿಟಿ ಆ್ಯಪ್, ಎಪಿಕೆ ತಡೆ. ಮೂರನೇ ದಿನ ವಾಟ್ಸಾಪ್, ಕರೆ ಕಟ್ ಮಾಡುವ ಅಭ್ಯಾಸ. ಯುಪಿಐ ನಾಲ್ಕನೇ ದಿನ, ಬ್ಯಾಂಕಿನಲ್ಲಿ ನಂಬರ್ ಬದಲಿಸಿಕೊಳ್ಳಲು ಸಮಯ ಸಿಗಲಿ ಅಂತ. ಪ್ರೊಜೆಕ್ಟರ್‌ನಲ್ಲಿ ಫೋನ್ ಪರದೆ ತೋರಿಸುವ ಯೋಚನೆಯೂ ಇದೆ.

ಸಂತೆಪೇಟೆ

ಪ್ರೊಜೆಕ್ಟರಿಗೆ ನಿಮ್ಮ ಸ್ವಂತ ಫೋನ್ ಹಾಕಬೇಡಿ. ತರಗತಿ ನಡುವೆ ಮನೆಯವರ ಮೆಸೇಜು, ಬ್ಯಾಂಕ್ ಒಟಿಪಿ ಎಲ್ಲ ಗೋಡೆ ಮೇಲೆ ಬರುತ್ತೆ. ಹಳೇ ಫೋನ್ ಒಂದನ್ನು ರೀಸೆಟ್ ಮಾಡಿ, ಬೇರೆ ಸಿಮ್ ಹಾಕಿ, ತರಗತಿಗೇ ಒಂದು ಗೂಗಲ್ ಖಾತೆ ಮಾಡಿ ಇಟ್ಕೊಳ್ಳಿ. ಚಾರ್ಜಿಂಗ್‌ಗೆ ಆರು ಪಾಯಿಂಟಿನ ಎಕ್ಸ್‌ಟೆನ್ಶನ್ ಬಾಕ್ಸ್ ಎರಡಾದರೂ ಬೇಕು, ಸಿ ಪಿನ್ ಮತ್ತು ಹಳೇ ಸಣ್ಣ ಪಿನ್ ಎರಡೂ ಥರದ ಕೇಬಲ್ ತನ್ನಿ.